ಸಹಿ ಇಲ್ಲದ ಅಶ್ವಶಕ್ತಿ

ಕೋಟಿ ಬೆಲೆಯ ಕಾರು. ಅದರ ಮೇಲೆ ಹತ್ತಾರು ಲಕ್ಷದ ಕೈಕೆಲಸ. ಆದರೂ ಮಾರಲು ನಿಂತಾಗ ಬೆಲೆ ಏರುವ ಬದಲು ಕುಸಿಯುತ್ತದೆ! ಅತ್ತ ಜರ್ಮನಿಯ ಸಣ್ಣ ಊರಿನ ಗ್ಯಾರೇಜೊಂದರಲ್ಲಿ ನಲವತ್ತು ವರ್ಷದ ಹಿಂದೆ ಬಿಚ್ಚಿ ಕಟ್ಟಿದ ಅದೇ ಬ್ರ್ಯಾಂಡಿನ ಕಾರು ಹರಾಜಿನಲ್ಲಿ ಲಕ್ಷಗಟ್ಟಲೆ ಡಾಲರ್‌ಗೆ ಹೋಗುತ್ತದೆ. ಏನಿದರ ಮರ್ಮ?

1971ರ ಜುಲೈ. ಬೆಲ್ಜಿಯಂನ ಆರ್ಡೆನ್ ಕಾಡಿನ ನಡುವಿನ ಸ್ಪಾ ಫ್ರಾಂಕೋರ್ಶಾಂ. ಒಂದು ಸುತ್ತು ಹಾಕಿದರೆ 14 ಕಿಲೋಮೀಟರ್. ಆಗ ಅದು ರೇಸಿಗೆಂದೇ ಕಟ್ಟಿದ ಟ್ರ್ಯಾಕ್ ಆಗಿರಲಿಲ್ಲ. ಊರಿಂದೂರಿಗೆ ಹೋಗುವ ರಸ್ತೆಗಳನ್ನೇ ಮುಚ್ಚಿ ಓಟ ನಡೆಸುತ್ತಿದ್ದರು.

ಇಪ್ಪತ್ನಾಲ್ಕು ಗಂಟೆಗಳ ರೇಸಿಗೆ ಸಾಲುಗಟ್ಟಿದ್ದವುಗಳಲ್ಲಿ ಹೆಚ್ಚಿನವು ಹಗುರ ಮೈಯ, ಗಿಡ್ಡನೆಯ ಕಾರುಗಳು. ಅವುಗಳ ಮಧ್ಯೆ ನಾಲ್ಕು ಬಾಗಿಲಿನ ಒಂದು ಬೆಂಜ್. ಹಿಂದಿನ ಸೀಟಿನಲ್ಲಿ ಮಂತ್ರಿಗಳೋ ಬ್ಯಾಂಕ್ ಅಧ್ಯಕ್ಷರೋ ಕೂರಬೇಕಾದ ಉದ್ದನೆಯ ಸೆಡಾನ್. ಮೈಗೆಲ್ಲ ಕೆಂಪು ಬಣ್ಣ, ಉಬ್ಬಿದ ಚಕ್ರದ ಕಮಾನು, ಮೂತಿಗೆ ಹೆಚ್ಚುವರಿ ದೀಪಗಳು. ತೂಕ ಒಂದೂವರೆ ಟನ್ನಿಗೂ ಮೇಲೆ. ಎಂಜಿನ್ 6.8 ಲೀಟರ್, ಎಂಟು ಸಿಲಿಂಡರ್, 428 ಅಶ್ವಶಕ್ತಿ. ಗಂಟೆಗೆ 265 ಕಿಲೋಮೀಟರ್ ವೇಗ.

ಹಾನ್ಸ್ ಹೇಯರ್ ಮತ್ತು ಕ್ಲೆಮೆನ್ಸ್ ಶಿಕೆನ್‌ಟಾಂಜ್ ಸರದಿಯಲ್ಲಿ ಹಗಲೂ ರಾತ್ರಿಯೂ ಓಡಿಸಿದರು. ಮರುದಿನ ಓಟ ಮುಗಿದಾಗ ಅವರ ಮುಂದಿದ್ದದ್ದು ಒಂದೇ ಕಾರು, ಫೋರ್ಡ್ ಕಾಪ್ರಿ. ಒಟ್ಟಾರೆ ಎರಡನೇ ಸ್ಥಾನ, ತನ್ನ ವರ್ಗದಲ್ಲಿ ಮೊದಲನೆಯದು. ಬೆಂಜ್ ಕಂಪನಿಗೂ ಈ ಓಟಕ್ಕೂ ಸಂಬಂಧವಿರಲಿಲ್ಲ. ಕಟ್ಟಿದವರು ಬೆಂಜ್ ನೌಕರಿ ಬಿಟ್ಟು ಬಂದು, ಹಳೇ ಗಿರಣಿಯೊಂದರಲ್ಲಿ ಗ್ಯಾರೇಜ್ ಹಾಕಿಕೊಂಡಿದ್ದ ಇಬ್ಬರು. ಆ ಗ್ಯಾರೇಜಿನ ಹೆಸರು ಎಎಂಜಿ. ಹೆಸರು ರಾತ್ರೋರಾತ್ರಿ ಯುರೋಪಿನ ತುಂಬ ಹಬ್ಬಿತು. ಕಾರಿಗೆ ಜನ ಇಟ್ಟ ಅಡ್ಡಹೆಸರು, ಕೆಂಪು ಹಂದಿ.

ಆಮೇಲೆ ಆ ಕಾರು ಏನಾಯಿತು? ಮಾರಿಬಿಟ್ಟರು!

ಕೊಂಡದ್ದು ಯಾವ ಶ್ರೀಮಂತ ಸಂಗ್ರಾಹಕನೂ ಅಲ್ಲ, ಫ್ರಾನ್ಸಿನ ಮಾತ್ರಾ ಎಂಬ ಕ್ಷಿಪಣಿ, ವಿಮಾನ ಉದ್ಯಮದ ಕಂಪನಿ. ಯುದ್ಧವಿಮಾನದ ಟೈರುಗಳನ್ನು ಪರೀಕ್ಷಿಸಲು ಅವರಿಗೊಂದು ವಾಹನ ಬೇಕಿತ್ತು. ಸಾವಿರ ಮೀಟರ್ ರನ್‌ವೇ ಮುಗಿಯುವುದರೊಳಗೆ 200 ಕಿಲೋಮೀಟರ್ ವೇಗ ಮುಟ್ಟಬೇಕು, ಹೊಟ್ಟೆಯಡಿ ಹೊತ್ತ ವಿಮಾನದ ಚಕ್ರವನ್ನು ಓಡುತ್ತಲೇ ನೆಲಕ್ಕಿಳಿಸಬೇಕು. ಅಂಥ ಕೆಲಸಕ್ಕೆ ಒದಗಿದ್ದು ಇದು. ಕಾರನ್ನು ನಡುವೆ ಕತ್ತರಿಸಿ ಒಂದು ಮೀಟರ್ ಉದ್ದ ಮಾಡಿದರು. ಹಾಗೆ ದುಡಿದು ದುಡಿದು, ಸ್ಪಾ ವೀರ ಕೊನೆಗೆ ಎಲ್ಲಿ ಕಣ್ಮರೆಯಾಯಿತೋ ಪತ್ತೆಯಿಲ್ಲ. 2006ರಲ್ಲಿ ಎಎಂಜಿ ತನ್ನದೇ ಚರಿತ್ರೆಯನ್ನು ಪ್ರದರ್ಶನಕ್ಕಿಡಲು ಅದರ ಪ್ರತಿಕೃತಿಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

ಜಗತ್ತಿನ ಅತಿ ಪ್ರಸಿದ್ಧ ಮಾಡಿಫೈಡ್ ಐಷಾರಾಮಿ ಸೆಡಾನಿನ ಗತಿ ಇದು. ಮಾರುವ ದಿನ ಅದಕ್ಕೆ ಸಿಕ್ಕ ಬೆಲೆ ಒಂದು ಉಪಕರಣದ ಬೆಲೆ.

ದಸರೆಯ ಮುಂಚಿನ ಜಾಹೀರಾತು

ಈ ಕಥೆ ನೆನಪಾಗಲು ಕಾರಣವಿದೆ. ಆಯುಧಪೂಜೆ ಹತ್ತಿರವಾಗುತ್ತಿದ್ದಂತೆ ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರಕ್ಕೆ ಕಳೆ ಬರುತ್ತದೆ. ಹೊಸ ಕಾರು ಮನೆಗೆ ತರುವವರು ಹಳತನ್ನು ಕಳಿಸುತ್ತಾರೆ. ಆ ರಾಶಿಯಲ್ಲಿ ಒಂದು ಬಗೆಯ ಜಾಹೀರಾತನ್ನು ದೂರದಿಂದಲೇ ಗುರುತಿಸಬಹುದು: ಎಎಂಜಿ ಸೆಡಾನ್, ಸ್ಟೇಜ್ 2 ರೀಮ್ಯಾಪ್, ಡೌನ್‌ಪೈಪ್, ವಾಲ್ವ್ ಇರುವ ಎಕ್ಸಾಸ್ಟ್, ಕಾಯಿಲ್‌ಓವರ್, ಕಾರ್ಬನ್ ಫೈಬರ್ ಬಾನೆಟ್, 750 ಅಶ್ವಶಕ್ತಿ, ಬರೀ ಮಾಡಿಫಿಕೇಶನ್‌ಗೇ ಇಷ್ಟು ಲಕ್ಷ ಖರ್ಚಾಗಿದೆ, ತಮಾಷೆಗೆ ಕೇಳುವವರು ಫೋನ್ ಮಾಡಬೇಡಿ.

ಕೊನೆಯ ಸಾಲಿನಲ್ಲಿ ಇರುವುದು ಸಿಟ್ಟಲ್ಲ, ದಣಿವು. ಫೋನ್ ಮಾಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದೇ ವರ್ಷದ, ಏನೂ ಮಾಡಿಸದ ಕಾರು ಇದಕ್ಕಿಂತ ಕಮ್ಮಿಗೆ ಸಿಗುತ್ತದಲ್ಲ, ನಿಮ್ಮದು ಯಾಕೆ ಜಾಸ್ತಿ?

ಇಂಥ ಕಾರುಗಳತ್ತ ಕುತೂಹಲ ಈಗ ಹೆಚ್ಚಲು ಇನ್ನೊಂದು ಕಾರಣವೂ ಇದೆ. ಕಂಪನಿಗಳು ಎಂಟು ಸಿಲಿಂಡರಿನ ಎಂಜಿನ್‌ಗಳನ್ನು ಸೆಡಾನ್‌ಗಳಿಂದ ಒಂದೊಂದಾಗಿ ಇಳಿಸುತ್ತಿವೆ. 2022ರಲ್ಲಿ ಬಂದ ಎಎಂಜಿ ಸಿ 63 ಎಸ್ ಕಾರಿನ ಬಾನೆಟ್ಟಿನಡಿ ಇರುವುದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್ ಮತ್ತು ಒಂದು ವಿದ್ಯುತ್ ಮೋಟಾರು. ಎರಡೂ ಸೇರಿ 680 ಅಶ್ವಶಕ್ತಿ. ಲೆಕ್ಕದಲ್ಲಿ ಹಿಂದಿನ ಯಾವ ಸಿ 63 ಕಾರಿಗಿಂತಲೂ ಬಲಶಾಲಿ. 2024ರ ನವೆಂಬರಿನಲ್ಲಿ ಭಾರತಕ್ಕೆ ಬಂದಾಗ ಬೆಲೆ 1.95 ಕೋಟಿ. ಅಭಿಮಾನಿಗಳು ಮುಖ ಸಿಂಡರಿಸಿದರು. ಅವರಿಗೆ ಬೇಕಿದ್ದದ್ದು ಅಂಕಿ ಮಾತ್ರವಲ್ಲ, ಹಳೆಯ ವಿ8 ಎಂಜಿನ್ನಿನ ಸದ್ದು. ಆ ಸದ್ದು ಇನ್ನು ಹಳೇ ಕಾರಿನಲ್ಲೇ ಸಿಗಬೇಕು. ಹಳೇ ಕಾರು ಎಂದರೆ ಯಾರೋ ಕೈಯಾಡಿಸಿದ ಕಾರು ಸಿಗುವ ಸಂಭವವೇ ಹೆಚ್ಚು.

> ಸೇಬಿನ ಮರದ ಲಾಂಛನ
> ಎಎಂಜಿ ಎಂಬ ಮೂರು ಅಕ್ಷರಗಳು ಹಾನ್ಸ್ ವರ್ನರ್ ಔಫ್ರೆಖ್ಟ್, ಎರ್‌ಹಾರ್ಡ್ ಮೆಲ್ಶರ್ ಮತ್ತು ಔಫ್ರೆಖ್ಟ್ ಹುಟ್ಟಿದೂರು ಗ್ರೋಸ್‌ಆಸ್ಪಾಖ್ ಇವುಗಳ ಮೊದಲಕ್ಷರಗಳು. 1967ರಲ್ಲಿ ಬುರ್ಗ್‌ಸ್ಟಾಲ್ ಎಂಬಲ್ಲಿ ಶುರು, 1976ರಲ್ಲಿ ಅಫಾಲ್ಟರ್‌ಬಾಖ್ ಊರಿಗೆ ಸ್ಥಳಾಂತರ. ಕಂಪನಿಯ ಲಾಂಛನದ ಅರ್ಧ ಭಾಗದಲ್ಲಿ ಸೇಬಿನ ಮರ ಮತ್ತು ನದಿ, ಇನ್ನರ್ಧದಲ್ಲಿ ಎಂಜಿನ್ನಿನ ಕ್ಯಾಮ್, ವಾಲ್ವ್, ಸ್ಪ್ರಿಂಗ್. ಊರೂ ಉದ್ಯೋಗವೂ ಒಂದೇ ಬಿಲ್ಲೆಯಲ್ಲಿ.

ಕಾರ್ಖಾನೆಯೊಳಗಿನ ಕಳ್ಳಗೆಲಸ

ಐಷಾರಾಮಿ ಕಾರಿಗೆ ರಾಕ್ಷಸ ಎಂಜಿನ್ ತುರುಕುವ ಹುಚ್ಚು ಹೊರಗಿನವರಿಂದ ಶುರುವಾದದ್ದಲ್ಲ. ಬೆಂಜ್ ಕಂಪನಿಯಲ್ಲೇ ಎರಿಶ್ ವಾಕ್ಸೆನ್‌ಬರ್ಗರ್ ಎಂಬ ಎಂಜಿನಿಯರ್ ಇದ್ದರು. ಸಂಜೆಯ ಮೇಲೆ, ಮೇಲಿನವರಿಗೆ ಹೇಳದೆ, ದೊರೆಗಳು ಮತ್ತು ಅಧ್ಯಕ್ಷರಿಗೆಂದು ಮಾಡುತ್ತಿದ್ದ 600 ಮಾದರಿಯ 6.3 ಲೀಟರ್ ಎಂಜಿನ್ನನ್ನು ಅದಕ್ಕಿಂತ ಸಣ್ಣ ಕಾರಿನೊಳಕ್ಕೆ ಇಳಿಸಿದರು. ಒಂದು ರಾತ್ರಿ ಕಾರು ಕಚೇರಿಯ ಕಿಟಕಿ ಕೆಳಗೆ ಹಾದಾಗ ಮುಖ್ಯ ಎಂಜಿನಿಯರ್ ರುಡಾಲ್ಫ್ ಊಲೆನ್‌ಹೌಟ್ ಅವರ ಕಿವಿಗೆ ಬಿತ್ತು. ಮರುದಿನ ಕರೆಸಿ ತಾವೇ ಓಡಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗ ಇಳಿದು ಬಾನೆಟ್ ಎತ್ತಿ, ಇಷ್ಟು ದೊಡ್ಡದನ್ನು ಇಷ್ಟು ಜಾಗದಲ್ಲಿ ಕೂರಿಸಿದ್ದು ಹೇಗೆಂದು ಬೆರಗಾದರು ಎಂಬುದು ಕಂಪನಿಯೊಳಗೆ ಇಂದಿಗೂ ಓಡಾಡುವ ಕಥೆ.

ಶಿಕ್ಷೆಯ ಬದಲು ಒಪ್ಪಿಗೆ ಸಿಕ್ಕಿತು. 1968ರ ಜಿನೀವಾ ಪ್ರದರ್ಶನದಲ್ಲಿ 300 ಎಸ್‌ಇಎಲ್ 6.3 ಹೊರಬಂತು. 250 ಅಶ್ವಶಕ್ತಿ, 220 ಕಿಲೋಮೀಟರ್ ವೇಗ. 1972ರವರೆಗೆ 6,526 ಕಾರುಗಳು ಮಾರಾಟವಾದವು. ಔಫ್ರೆಖ್ಟ್ ಮತ್ತು ಮೆಲ್ಶರ್ ಕೆಂಪು ಹಂದಿ ಮಾಡಿದ್ದು ಇಂಥದೇ ಒಂದು ಕಾರಿನಿಂದ. ಅಪಘಾತವಾಗಿ ಮೂಲೆ ಸೇರಿದ್ದ ಕಾರದು. ಸಿಲಿಂಡರ್ ಕೊರೆದು 6.3 ಲೀಟರನ್ನು 6.8ಕ್ಕೆ ಏರಿಸಿದರು, ಬಾಗಿಲುಗಳನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರು.

ಆ ಇಬ್ಬರದು ಬೇರೆ ಬೇರೆ ಪ್ರಕೃತಿ. ಔಫ್ರೆಖ್ಟ್ ವ್ಯವಹಾರಸ್ಥ, ಕನಸು ಮಾರಬಲ್ಲವ. ಮೆಲ್ಶರ್ ಸಿಲಿಂಡರ್ ಹೆಡ್ಡಿನ ಮನುಷ್ಯ. ಎಂಬತ್ತರ ದಶಕದಲ್ಲಿ ಆತ ಬೆಂಜ್ ವಿ8 ಎಂಜಿನ್ನಿಗೆ ಸಿಲಿಂಡರಿಗೆ ನಾಲ್ಕು ವಾಲ್ವ್ ಇರುವ ತನ್ನದೇ ಹೆಡ್ ಮಾಡಿದ. ಎಂಜಿನ್ ಹೆಚ್ಚು ಗಾಳಿ ಎಳೆದುಕೊಂಡಷ್ಟೂ ಹೆಚ್ಚು ಪೆಟ್ರೋಲ್ ಉರಿಸಬಹುದು; ಬಲದ ಗುಟ್ಟೆಲ್ಲ ಅಷ್ಟೇ. 1986ರಲ್ಲಿ ಆ ಎಂಜಿನ್ನನ್ನು 300 ಇ ಎಂಬ ಸಭ್ಯ ಮಧ್ಯಮ ಗಾತ್ರದ ಸೆಡಾನಿಗೆ ಕೂರಿಸಿದರು. ಮೂಲ ಕಾರಿನ ಬಲ ಸುಮಾರು 190 ಅಶ್ವಶಕ್ತಿ, ಇದರದು 360. ವೇಗ 300 ಕಿಲೋಮೀಟರ್ ಮುಟ್ಟಿತು. ಆ ಕಾಲದ ಫೆರಾರಿ ಮಾಲೀಕರಿಗೆ ಹಿಂದಿನಿಂದ ಬರುವ ಈ ಟ್ಯಾಕ್ಸಿಯಂಥ ಕಾರನ್ನು ಕಂಡರೆ ಎದೆ ಡವಗುಟ್ಟುತ್ತಿತ್ತು. ಅಮೆರಿಕದವರು ಅದಕ್ಕೆ ಹ್ಯಾಮರ್ ಎಂದರು, ಅದೇ ನಿಂತಿತು.

ನಂತರದ್ದು ಮದುವೆ ಮಾತುಕತೆ. 1990ರಲ್ಲಿ ಬೆಂಜ್ ಕಂಪನಿ ಎಎಂಜಿ ಜೊತೆ ಒಪ್ಪಂದ ಮಾಡಿಕೊಂಡಿತು, 1993ರಲ್ಲಿ ಇಬ್ಬರೂ ಸೇರಿ ಸಿ 36 ಮಾಡಿದರು, 1999ರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, 2005ರಲ್ಲಿ ಪೂರ್ತಿ ಕಂಪನಿಯೇ ಬೆಂಜ್ ಕೈಗೆ. ಗ್ಯಾರೇಜು ಕಾರ್ಖಾನೆಯ ಭಾಗವಾಯಿತು.

ಯಾರ ಕೈ, ಯಾವ ಕಾಗದ?

ಇಲ್ಲಿಂದಲೇ ಮಾರುಕಟ್ಟೆ ಎರಡಾಗಿ ಸೀಳುತ್ತದೆ.

ಒಪ್ಪಂದಕ್ಕೂ ಮುಂಚಿನ ಅಸಲಿ ಎಎಂಜಿ ಕಾರು ಇಂದು ಹರಾಜಿಗೆ ಬಂದರೆ ಸಂಗ್ರಾಹಕರು ಮೈ ಮರೆಯುತ್ತಾರೆ. ಆದರೆ ಕೈ ಎತ್ತುವ ಮೊದಲು ನೋಡುವುದು ಎಂಜಿನ್ನನ್ನಲ್ಲ, ಫೈಲನ್ನು. ಯಾಕೆಂದರೆ ಎಂಬತ್ತರ ದಶಕದಲ್ಲಿ ಎಎಂಜಿ ತನ್ನ ಬಂಪರು, ಚಕ್ರ, ಸ್ಪಾಯ್ಲರುಗಳನ್ನು ದೇಶದೇಶಗಳ ಡೀಲರುಗಳಿಗೆ ಬಿಡಿಯಾಗಿ ಮಾರುತ್ತಿತ್ತು. ಯಾರು ಬೇಕಾದರೂ ಕೊಂಡು ತಿರುಪು ಹಾಕಿ ಕೂರಿಸಬಹುದಿತ್ತು. ಅಷ್ಟೇ ಏಕೆ, ಜಪಾನಿನ ಮಿತ್ಸುಬಿಷಿ ಗ್ಯಾಲಂಟ್ ಕಾರಿನ ಮೇಲೂ ಒಮ್ಮೆ ಎಎಂಜಿ ಬಿಲ್ಲೆ ಅಧಿಕೃತವಾಗಿಯೇ ಕೂತಿತ್ತು! ಹಾಗಾಗಿ ಬಿಲ್ಲೆಗೆ ಬೆಲೆಯಿಲ್ಲ. ಅಫಾಲ್ಟರ್‌ಬಾಖ್ ಬಿಲ್ಲು, ಎಂಜಿನ್ನಿನ ಮೇಲಿನ ಮುದ್ರೆ, ಯಾವ ದಿನ ಯಾವ ಕೆಲಸವಾಯಿತೆಂಬ ಹಾಳೆ, ಇವುಗಳಿಗಿದೆ ಬೆಲೆ.

ಇಂದಿಗೂ ಎಎಂಜಿಯ ವಿ8 ಎಂಜಿನ್ನುಗಳನ್ನು ತುದಿಯಿಂದ ಬುಡದವರೆಗೆ ಒಬ್ಬನೇ ಕೆಲಸಗಾರ ಜೋಡಿಸಿ, ಮೇಲೊಂದು ತಗಡಿನಲ್ಲಿ ತನ್ನ ಸಹಿ ಹಾಕುತ್ತಾನೆ. ಇದರಲ್ಲಿ ಪ್ರಚಾರದ ಗಿಮಿಕ್ಕು ಇಲ್ಲದಿಲ್ಲ. ಆದರೂ ಹೊಣೆ ಯಾರದು ಎಂಬುದಕ್ಕೆ ಉತ್ತರ ಅಲ್ಲಿದೆ.

ಬಿಎಂಡಬ್ಲ್ಯು ಕಾರುಗಳನ್ನು ತಿದ್ದುತ್ತಿದ್ದ ಬವೇರಿಯಾದ ಅಲ್ಪಿನಾ ಸಂಸ್ಥೆ ಮಾಡಿದ್ದೂ ಇದನ್ನೇ, ಇನ್ನಷ್ಟು ಜಾಣತನದಿಂದ. ಅದನ್ನು ಕಟ್ಟಿದ ಬರ್ಕಾರ್ಡ್ ಬೋವೆನ್‌ಸೀಪನ್ ಅರವತ್ತರ ದಶಕದ ಆರಂಭದಲ್ಲಿ ಬಿಎಂಡಬ್ಲ್ಯು 1500 ಕಾರಿಗೆ ಜೋಡಿ ಕಾರ್ಬ್ಯುರೇಟರ್ ಕಿಟ್ ಮಾಡಿದರು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಆ ಕಿಟ್ ಹಾಕಿದ ಕಾರಿಗೂ ವಾರಂಟಿ ಕೊಡಲು 1964ರಲ್ಲಿ ಬಿಎಂಡಬ್ಲ್ಯು ಒಪ್ಪಿತು. 1983ರಲ್ಲಿ ಜರ್ಮನ್ ಸರ್ಕಾರ ಅಲ್ಪಿನಾವನ್ನು ಟ್ಯೂನರ್ ಎನ್ನದೆ ಸ್ವತಂತ್ರ ಕಾರು ತಯಾರಕ ಸಂಸ್ಥೆ ಎಂದೇ ಮಾನ್ಯ ಮಾಡಿತು. 2022ರಲ್ಲಿ ಆ ಹೆಸರನ್ನು ಬಿಎಂಡಬ್ಲ್ಯು ಕೊಂಡುಕೊಂಡಿತು.

ಜರ್ಮನಿಯಲ್ಲಿ ಸಾಮಾನ್ಯ ಮಾಲೀಕನಿಗೂ ಒಂದು ದಾರಿಯಿದೆ. ಕಾರಿಗೆ ದೊಡ್ಡ ಬದಲಾವಣೆ ಮಾಡಿಸಿದರೆ ಟಿಯುವಿ ಅಥವಾ ಡೆಕ್ರಾದಂಥ ತಪಾಸಣಾ ಸಂಸ್ಥೆಯ ತಜ್ಞನ ಮುಂದೆ ಒಯ್ಯಬೇಕು. ಅವನು ಬ್ರೇಕ್, ಸದ್ದು, ಹೊಗೆ, ಚಕ್ರದ ಅಳತೆ ನೋಡಿ ಒಪ್ಪಿದರೆ ಬದಲಾವಣೆ ವಾಹನದ ದಾಖಲೆಯಲ್ಲೇ ನಮೂದಾಗುತ್ತದೆ. ಒಪ್ಪದಿದ್ದರೆ ರಸ್ತೆಗಿಳಿಯುವ ಪರವಾನಗಿಯೇ ಹೋಗುತ್ತದೆ. ಹತ್ತು ವರ್ಷದ ಮೇಲೆ ಆ ಕಾರನ್ನು ಕೊಳ್ಳುವವನಿಗೆ ಹಿಂದಿನ ಮಾಲೀಕನ ಮಾತನ್ನು ನಂಬುವ ಕರ್ಮವಿಲ್ಲ. ಕಾಗದ ಓದಿದರೆ ಸಾಕು.

> ಪೊಲೀಸರಿಗೆ ಸಿಗದ 40 ಆರ್‌ಎ
> 1990ರಿಂದ 1992ರವರೆಗೆ ಲೋಟಸ್ ಕಂಪನಿ, ವಾಕ್ಸ್‌ಹಾಲ್ ಕಾರ್ಲ್‌ಟನ್ ಎಂಬ ಸಾಧಾರಣ ಸೆಡಾನನ್ನು ಬಿಚ್ಚಿ 3.6 ಲೀಟರಿನ ಜೋಡಿ ಟರ್ಬೊ ಎಂಜಿನ್ ಕೂರಿಸಿತು. 377 ಅಶ್ವಶಕ್ತಿ, 280 ಕಿಲೋಮೀಟರಿಗೂ ಮೀರಿದ ವೇಗ. ಮಾಡಿದ್ದು ಒಟ್ಟು 950 ಕಾರು. 1993ರ ನವೆಂಬರಿನಲ್ಲಿ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ 40 ಆರ್‌ಎ ನಂಬರಿನ ಒಂದು ಕಾರು ಕಳುವಾಯಿತು. ಕಳ್ಳರು ಅದರಲ್ಲಿ ಬಂದು ಅಂಗಡಿಗಳ ಗಾಜು ಒಡೆದು ಸಿಗರೇಟು, ಮದ್ಯ ಹೊತ್ತೊಯ್ಯುತ್ತಿದ್ದರು. ಬೆನ್ನಟ್ಟಲು ಪೊಲೀಸರ ಬಳಿ ಅಷ್ಟು ವೇಗದ ಕಾರಿರಲಿಲ್ಲ. ಕಾರು ಇಂದಿಗೂ ಸಿಕ್ಕಿಲ್ಲ.

ಬಲ ಹೆಚ್ಚಿದರೆ ಸೋಲುವುದು ಯಾವುದು?

ಈಗ ಕಾಗದವಿಲ್ಲದ ಕಾರಿನ ಬಾನೆಟ್ ಎತ್ತೋಣ. ಉದಾಹರಣೆಗೆ ಇ 55 ಎಎಂಜಿ. 2002ರ ಕೊನೆಗೆ ಬಂದ ಈ ಸೆಡಾನ್ ಟ್ಯೂನರುಗಳ ಪಾಲಿನ ಕಾಮಧೇನು. 5.4 ಲೀಟರಿನ ವಿ8, ಮೇಲೊಂದು ಸೂಪರ್‌ಚಾರ್ಜರ್, 476 ಅಶ್ವಶಕ್ತಿ, 700 ನ್ಯೂಟನ್ ಮೀಟರ್ ಟಾರ್ಕ್. ಆ ಟಾರ್ಕ್ ತಾಳಲಾರದೆಂದು ಕಂಪನಿ ಹೊಸ ಏಳು ಗೇರಿನ ಪೆಟ್ಟಿಗೆ ಬಿಟ್ಟು ಹಳೇ ಐದು ಗೇರಿನದನ್ನೇ ಉಳಿಸಿಕೊಂಡಿತ್ತು. ಇಂದು ಅಮೆರಿಕದಲ್ಲಿ ಹೊಸ ಸಣ್ಣ ಕಾರಿಗಿಂತ ಕಡಿಮೆ ಬೆಲೆಗೆ ಹಳೇ ಇ 55 ಸಿಗುತ್ತದೆ. ಅಪಾಯ ಇರುವುದೂ ಅಲ್ಲೇ.

ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಗಾಳಿಯಂತ್ರ. ಅದರ ಪುಲ್ಲಿಯನ್ನು ಸ್ವಲ್ಪ ಸಣ್ಣದು ಮಾಡಿದರೆ ಜೋರಾಗಿ ತಿರುಗುತ್ತದೆ, ಹೆಚ್ಚು ಗಾಳಿ ನೂಕುತ್ತದೆ. ಕಂಪ್ಯೂಟರಿನಲ್ಲಿ ಪೆಟ್ರೋಲ್ ಪ್ರಮಾಣ ಮತ್ತು ಕಿಡಿ ಹೊತ್ತುವ ಕ್ಷಣವನ್ನು ತಿದ್ದಿದರೆ, ಅಂದರೆ ರೀಮ್ಯಾಪ್ ಮಾಡಿದರೆ, ಒಂದು ಮಧ್ಯಾಹ್ನದಲ್ಲಿ ಕಾರು ಎಷ್ಟೋ ಪಾಲು ಬಲ ಗಳಿಸುತ್ತದೆ. ಇಷ್ಟು ಸುಲಭವಾದದ್ದನ್ನು ಕಂಪನಿಯವರೇ ಏಕೆ ಮಾಡಲಿಲ್ಲ?

ಶಾಖ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ, ಸುಡುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಇ 55ರಲ್ಲಿ ಆ ಬಿಸಿಯನ್ನು ಹೊತ್ತೊಯ್ಯಲು ಬೇರೆಯೇ ನೀರಿನ ಕೊಳವೆ, ರೇಡಿಯೇಟರ್, ಪುಟ್ಟ ವಿದ್ಯುತ್ ಪಂಪು ಇವೆ. ಪುಲ್ಲಿ ಬದಲಿಸಿ ಪಂಪು ಹಳೆಯದನ್ನೇ ಬಿಟ್ಟರೆ ಮೊದಲ ಓಟ ಬೆಂಕಿ, ಮೂರನೆಯದು ಮಂಕು. ಒಳಗೆ ಹೋಗುವ ಗಾಳಿ ಕುದಿಯುತ್ತಿದೆ ಎಂದು ಕಂಡ ಕಂಪ್ಯೂಟರ್ ಎಂಜಿನ್ನನ್ನು ಕಾಪಾಡಲು ತಾನೇ ಬಲ ಕುಗ್ಗಿಸುತ್ತದೆ. ಕೆಲವು ಜಾಣ ಟ್ಯೂನರುಗಳು ಆ ಕಾವಲನ್ನೂ ತೆಗೆದುಹಾಕುತ್ತಾರೆ. ಆಮೇಲೆ ಕರಗುವುದು ಪಿಸ್ಟನ್.

ಪೆಟ್ರೋಲಿನ ಲೆಕ್ಕ ಇನ್ನೊಂದು. ಜರ್ಮನಿಯಲ್ಲಿ ಬರೆದ ರೀಮ್ಯಾಪ್ 98 ಆಕ್ಟೇನ್ ಪೆಟ್ರೋಲನ್ನು ನಂಬಿರುತ್ತದೆ. ನಮ್ಮ ಬಂಕುಗಳಲ್ಲಿ ಬಹುಕಾಲ ಸಿಗುತ್ತಿದ್ದದ್ದು 91. ಆಕ್ಟೇನ್ ಕಡಿಮೆಯಾದರೆ ಕಿಡಿ ಹೊತ್ತಿಸಿದ ಉರಿ ತಲುಪುವ ಮೊದಲೇ ಸಿಲಿಂಡರಿನೊಳಗೆ ಅಲ್ಲಲ್ಲಿ ತಾನಾಗಿಯೇ ಉರಿ ಹತ್ತಿಕೊಳ್ಳುತ್ತದೆ. ನಾಕಿಂಗ್ ಎಂದು ಮೆಕ್ಯಾನಿಕ್ಕುಗಳು ಹೇಳುವುದು ಇದನ್ನೇ. ನೂರು ಆಕ್ಟೇನಿನ ಪೆಟ್ರೋಲನ್ನು ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದಿತು, ಆದರೆ ಅದು ಕೆಲವು ನಗರಗಳ ಕೆಲವೇ ಬಂಕುಗಳಲ್ಲಿ. ಈಗ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥನಾಲಿಗೆ ನಾಕಿಂಗ್ ತಡೆಯುವ ಗುಣವಿದೆ ನಿಜ. ಆದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಡುತ್ತದೆ, ಹಳೇ ಕಾರಿನ ರಬ್ಬರ್ ಕೊಳವೆಗಳಿಗೂ ಒಗ್ಗುವುದಿಲ್ಲ. ಹದಿನೈದು ವರ್ಷದ ಹಿಂದೆ ಹಾಕಿಸಿದ ರೀಮ್ಯಾಪಿಗೆ ಇದೊಂದೂ ಗೊತ್ತಿಲ್ಲ.

ಇನ್ನು ಬ್ರೇಕು. ಇ 55 ಕಾರಿನದು ಎಸ್‌ಬಿಸಿ ಎಂಬ ವಿದ್ಯುನ್ಮಾನ ವ್ಯವಸ್ಥೆ. ಪೆಡಲ್ ತುಳಿದರೆ ಸಂಕೇತ ಹೋಗುತ್ತದೆ, ಒತ್ತಡವನ್ನು ಪಂಪು ಕೊಡುತ್ತದೆ. 2004ರಲ್ಲಿ ಬೆಂಜ್ ಇದರ ದೋಷಕ್ಕಾಗಿ 6,80,000 ಕಾರುಗಳನ್ನು ವಾಪಸು ಕರೆಸಿತು. 2006ರಲ್ಲಿ ಇ ಕ್ಲಾಸಿನಿಂದ ಅದನ್ನು ಕಿತ್ತೇ ಹಾಕಿತು. ಎಷ್ಟು ಸಲ ಬ್ರೇಕ್ ತುಳಿದಿರಿ ಎಂದು ಆ ಪೆಟ್ಟಿಗೆ ಎಣಿಸುತ್ತಲೇ ಇರುತ್ತದೆ. ಲೆಕ್ಕ ತುಂಬಿದರೆ ಕೆಂಪು ದೀಪ, ಹೊಸ ಪೆಟ್ಟಿಗೆ. 600 ಅಶ್ವಶಕ್ತಿ ಎಂದು ಮೀಸೆ ತಿರುವುವ ಮಾರಾಟಗಾರ ಈ ಲೆಕ್ಕದ ಬಗ್ಗೆ ಬಾಯಿ ಬಿಡುವುದಿಲ್ಲ.

ಇ 55ರ ನಂತರ ಬಂದ ಇ 63 ಕಾರಿನ 6.2 ಲೀಟರ್ ಎಂಜಿನ್ ಸದ್ದಿನಲ್ಲಿ ಸಂಗೀತ. ಆದರೆ ಆರಂಭದ ಎಂಜಿನ್ನುಗಳ ಹೆಡ್ ಬೋಲ್ಟುಗಳು ತುಕ್ಕು ಹಿಡಿದು ತುಂಡಾಗುವುದು ಕುಖ್ಯಾತ ದೋಷ. ಅದನ್ನು ಬದಲಿಸಿದ ಬಿಲ್ಲಿದೆಯೇ ಎಂಬುದು ಕಾರ್ಬನ್ ಫೈಬರ್ ಬಾನೆಟ್ಟಿಗಿಂತ ಸಾವಿರ ಪಾಲು ಮುಖ್ಯ.

ಅಶ್ವಶಕ್ತಿಯ ಅಂಕಿಯೂ ಜಾರುವ ನೆಲ. ಡೈನೊ ಯಂತ್ರ ಅಳೆಯುವುದು ಚಕ್ರದ ಬಳಿಯ ಬಲವನ್ನು. ಗೇರ್‌ಬಾಕ್ಸು, ಆಕ್ಸಲುಗಳಲ್ಲಿ ಒಂದಷ್ಟು ಸೋರಿಹೋಗಿರುತ್ತದೆ. ಆ ಸೋರಿಕೆಯನ್ನು ಅಂದಾಜಿನಿಂದ ಕೂಡಿಸಿ ಎಂಜಿನ್ನಿನ ಬಲ ಹೇಳುತ್ತಾರೆ. ಅಂದಾಜು ಧಾರಾಳವಾದಷ್ಟೂ ಜಾಹೀರಾತು ಜೋರು.

ಆರ್‌ಸಿಯಲ್ಲಿ ಜಾಗವಿಲ್ಲ

ಬದಲಾವಣೆಯನ್ನು ತಪಾಸಣೆ ಮಾಡಿಸಿ ದಾಖಲೆಗೆ ಸೇರಿಸುವ ಜರ್ಮನಿಯ ಆ ದಾರಿ ನಮ್ಮಲ್ಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂಥ ಬದಲಾವಣೆಯನ್ನು ವಾಹನಕ್ಕೆ ಮಾಡುವಂತಿಲ್ಲ. ಗ್ಯಾಸ್ ಕಿಟ್, ಅಂಗವಿಕಲರಿಗೆ ಬೇಕಾದ ಅಳವಡಿಕೆ, ಅನುಮತಿ ಪಡೆದು ಅದೇ ಬಗೆಯ ಎಂಜಿನ್ ಬದಲಾವಣೆ ಇಂಥ ಕೆಲವಕ್ಕೆ ಅವಕಾಶವಿದೆ. ಕೇರಳದಿಂದ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಕಾನೂನು ಇಷ್ಟು ಬಿಗಿಯಾಗಿರಬೇಕೇ? ನನ್ನ ಮಟ್ಟಿಗೆ, ಬೇಡ. ತಪಾಸಣೆ ಮಾಡಿ ನಮೂದಿಸುವ ವ್ಯವಸ್ಥೆ ಇಲ್ಲದಿರುವುದರಿಂದಲೇ ಒಳ್ಳೆಯ ಕೆಲಸಗಾರನೂ ಕೆಟ್ಟ ಕೆಲಸಗಾರನೂ ಒಂದೇ ಕತ್ತಲಲ್ಲಿ ದುಡಿಯುತ್ತಿದ್ದಾರೆ. ಇಬ್ಬರೂ ಬಿಲ್ ಕೊಡುವುದಿಲ್ಲ. ತಮಾಷೆ ನೋಡಿ, ಜರ್ಮನಿಯಾಚೆ ಬೆಂಜ್ ಕಂಪನಿಯ ಅತಿದೊಡ್ಡ ಸಂಶೋಧನಾ ಕೇಂದ್ರ 1996ರಿಂದ ಇರುವುದು ಬೆಂಗಳೂರಿನಲ್ಲೇ. ಬೆಂಜ್ ಕಾರಿನ ತಂತ್ರಾಂಶಕ್ಕೆ ಹಗಲು ಅಧಿಕೃತವಾಗಿ ದುಡಿಯುವ ಊರಿನಲ್ಲೇ, ಸಂಜೆ ಯಾವುದೋ ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ ಅದನ್ನು ಅಳಿಸಿ ಬರೆಯುತ್ತಾರೆ.

ಕಾಗದದ ಕಥೆ ಬೆಲೆಯನ್ನು ಹೇಗೆ ಕೆಡವುತ್ತದೆಂದು ಲೆಕ್ಕ ಹಾಕಿ. 2018ರಲ್ಲಿ ಇ 63 ಎಸ್ ಭಾರತಕ್ಕೆ ಬಂದಾಗ ಎಕ್ಸ್ ಶೋರೂಂ ಬೆಲೆ 1.5 ಕೋಟಿ. 612 ಅಶ್ವಶಕ್ತಿ, ನೂರರ ವೇಗಕ್ಕೆ 3.4 ಸೆಕೆಂಡ್. ವಿಮೆಯವರು ಕಾರಿನ ಘೋಷಿತ ಮೌಲ್ಯವನ್ನು ಕಂಪನಿಯ ಬೆಲೆಪಟ್ಟಿಯಿಂದ ಹಿಡಿದು ವರ್ಷವರ್ಷ ಕಡಿತ ಮಾಡುತ್ತಾರೆ. ಐದು ವರ್ಷವಾಗುವ ಹೊತ್ತಿಗೆ ಅರ್ಧ. ನೀವು ಹಾಕಿಸಿದ ಟರ್ಬೊ ಆ ಪಟ್ಟಿಯಲ್ಲಿಲ್ಲ. ಸಾಲ ಕೊಡುವ ಬ್ಯಾಂಕಿಗೆ ಬೇಕಾದದ್ದು ಆರ್‌ಸಿಯಲ್ಲಿರುವ ಕಾರು, ಗ್ಯಾರೇಜಿನಲ್ಲಿರುವುದಲ್ಲ. ವಿಮೆಗೆ ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ನಂತರ ಬಯಲಾದರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣ. ಸಾಲವಿಲ್ಲ, ವಿಮೆ ಅನುಮಾನ, ರಸ್ತೆಯಲ್ಲಿ ಸೈಲೆನ್ಸರ್ ಸದ್ದಿಗೆ ಪೊಲೀಸರ ಕೈ. ಪೂರ್ತಿ ನಗದು ಇಟ್ಟುಕೊಂಡು, ಇಷ್ಟೆಲ್ಲಕ್ಕೂ ತಲೆಕೆಡಿಸಿಕೊಳ್ಳದ ಗಿರಾಕಿ ಎಷ್ಟು ಜನ ಸಿಕ್ಕಾರು?

ಹೊರರಾಜ್ಯದ ನಂಬರಿದ್ದರೆ ಇನ್ನೊಂದು ಹೊರೆ. ರಸ್ತೆ ತೆರಿಗೆ ದುಬಾರಿಯಾದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದಿದೆ. 2025ರ ಜುಲೈನಲ್ಲಿ ಬೆಂಗಳೂರಿನ ಆರ್‌ಟಿಒ ಅಧಿಕಾರಿಗಳು ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ದಂಡ ಸೇರಿ ಸುಮಾರು 1.42 ಕೋಟಿ ರೂಪಾಯಿ ಕಟ್ಟಿಸಿಕೊಂಡದ್ದು ಸುದ್ದಿಯಾಗಿತ್ತು. ಕಡಿಮೆಗೆ ಸಿಕ್ಕಿತೆಂದು ಬೇರೆ ರಾಜ್ಯದಿಂದ ತಂದ ಸೆಡಾನ್, ಎನ್‌ಒಸಿ ಮತ್ತು ತೆರಿಗೆ ಮುಗಿಸುವಷ್ಟರಲ್ಲಿ ಕಡಿಮೆಯದಾಗಿ ಉಳಿದಿರುವುದಿಲ್ಲ.

> ಕೊಳ್ಳುವ ಮುನ್ನ ಕೇಳಿ
> ಮೂಲ ಸಾಮಾನು ಎಲ್ಲಿದೆ? ಕಳಚಿದ ಕಂಪನಿಯ ಎಕ್ಸಾಸ್ಟ್, ಕ್ಯಾಟಲಿಟಿಕ್ ಕನ್ವರ್ಟರ್, ಸಸ್ಪೆನ್ಶನ್ ಜೊತೆಗೇ ಕೊಡುವಂತಿದ್ದರೆ ಕಾರನ್ನು ಆರ್‌ಸಿಗೆ ತಕ್ಕಂತೆ ಮರಳಿಸಬಹುದು.
> ರೀಮ್ಯಾಪ್ ಯಾವಾಗ, ಯಾವ ಪೆಟ್ರೋಲಿಗೆ? ಕಂಪನಿಯ ಮೂಲ ಫೈಲ್ ಉಳಿಸಿಟ್ಟಿದ್ದಾರೆಯೇ?
> ತಣ್ಣಗಿರುವ ಎಂಜಿನ್ನನ್ನು ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ.
> ಸಿಲಿಂಡರಿನ ಒತ್ತಡ ಸೋರುತ್ತಿದೆಯೇ ಎಂದು ತಿಳಿಸುವ ಕಂಪ್ರೆಶನ್ ಮತ್ತು ಲೀಕ್‌ಡೌನ್ ಪರೀಕ್ಷೆಗೆ ಒಪ್ಪದ ಮಾರಾಟಗಾರನ ಜೊತೆ ಮಾತು ಮುಂದುವರಿಸಬೇಡಿ.
> ಮಾಡಿಸಿದ್ದಕ್ಕೆಲ್ಲ ಬಿಲ್ಲಿದೆಯೇ? ಬಿಲ್ಲಿನಲ್ಲಿ ಗ್ಯಾರೇಜಿನ ಹೆಸರಿದೆಯೇ?

ಹಾಗಾದರೆ ಕೊಳ್ಳಲೇಬಾರದೇ?

ಹಾಗಲ್ಲ. ಶಾಖ, ಬ್ರೇಕು, ಗೇರ್‌ಬಾಕ್ಸು, ಪೆಟ್ರೋಲು ನಾಲ್ಕನ್ನೂ ಒಟ್ಟಿಗೆ ಯೋಚಿಸಿ ಕಟ್ಟಿದ ಕಾರುಗಳು ಇವೆ. ಅವುಗಳ ಮಾಲೀಕರನ್ನು ಗುರುತಿಸುವುದು ಸುಲಭ. ಮೊದಲು ಅಶ್ವಶಕ್ತಿ ಹೇಳುವುದಿಲ್ಲ, ಆಯಿಲ್ ಯಾವಾಗ ಬದಲಿಸಿದೆ ಎಂದು ಹೇಳುತ್ತಾರೆ. ಖರ್ಚಾದ ದುಡ್ಡನ್ನು ಬೆಲೆಗೆ ಸೇರಿಸುವುದೂ ಇಲ್ಲ, ಅದು ತಮ್ಮ ಖುಷಿಗೆ ಹೋದ ದುಡ್ಡೆಂದು ಅವರಿಗೆ ಗೊತ್ತು. ಅಂಥ ಕಾರು, ಏನೂ ಮಾಡಿಸದ ಕಾರಿಗಿಂತ ತುಸು ಕಡಿಮೆಗೆ, ಕಳಚಿದ ಸಾಮಾನಿನ ಸಮೇತ ಸಿಕ್ಕರೆ ಅದೊಂದು ಒಳ್ಳೆಯ ವ್ಯಾಪಾರ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಉಳಿದವಕ್ಕೆ ಒಂದೇ ಮಾತು. ಈ ದಸರೆಯಲ್ಲಿ ಅಂಥ ಜಾಹೀರಾತು ಕಣ್ಣಿಗೆ ಬಿದ್ದು ಕೈ ತುರಿಸಿದರೆ ಧಾರಾಳವಾಗಿ ಹೋಗಿ ನೋಡಿ. ಕಾರಿಗಿಂತ ಮೊದಲು ಫೈಲ್ ಕೇಳಿ. ಫೈಲ್ ಇಲ್ಲವೆಂದರೆ ಒಂದು ಸುತ್ತು ಓಡಿಸಿ, ಆ ಸದ್ದು ಕಿವಿತುಂಬ ಕೇಳಿಸಿಕೊಂಡು, ಕೀಲಿಯನ್ನು ವಾಪಸು ಕೊಟ್ಟು ಮನೆಗೆ ಬನ್ನಿ.